ತುಡಿ ಸುಮ್ಮನಿದ್ದ ವರ್ಷದ ಹಾಡು

ಆ ಬೆಳಿಗ್ಗೆ ಗದ್ದೆಯ ಮೇಲೆ ಮಂಜಿತ್ತು ಎಂದು ನಾನು ಹೇಳಿದರೆ ತಂಗಿ ನಗುತ್ತಾಳೆ. ನಾಟಿಯ ಕಾಲದಲ್ಲಿ ಎಲ್ಲಿಯ ಮಂಜು, ಮಳೆಯಷ್ಟೇ ಇದ್ದದ್ದು ಎನ್ನುತ್ತಾಳೆ. ಅವಳು ಹೇಳುವುದೇ ಸರಿಯಿರಬೇಕು. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ತರ್ಕಶಾಸ್ತ್ರ. ಸಾಕ್ಷಿಯಿಲ್ಲದ ಮಾತನ್ನು ನಂಬಬಾರದೆಂದು ಅಲ್ಲಿ ಹೇಳಿಕೊಟ್ಟರು. ನನ್ನ ನೆನಪೂ ಅಂಥ ಮಾತೇ ಎಂಬುದನ್ನು ನಾನಾಗಿಯೇ ತಿಳಿದುಕೊಂಡೆ. ಆದರೂ ಕಣ್ಣು ಮುಚ್ಚಿದರೆ ಸಾಕು, ಕಬಿನಿಯಿಂದ ಮೆಲ್ಲಗೆ ಏರಿಬಂದ ಬಿಳುಪು ಕೊಳವಳ್ಳಿಯ ನಮ್ಮ ಗದ್ದೆಯ ಮೇಲೆ ಹಾಸಿಕೊಂಡಿರುತ್ತದೆ. ಅದರೊಳಗಿಂದ ಒಂದು ಹಾಡು ಬರುತ್ತಿರುತ್ತದೆ. ಹಾಡು ನನ್ನದು, ದನಿ ನನ್ನದಲ್ಲ.

ಓದು ಮುಗಿಸಿ ಮೈಸೂರಿನಿಂದ ಬರುವಾಗ ನನ್ನ ಬಳಿ ಒಂದು ಬುಲ್‌ಬುಲ್ ತರಂಗವಿತ್ತು. ಹಲಗೆಯ ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನ ಹಾಗೆ ಗುಂಡಿಗಳು. ಹಾಸ್ಟೆಲಿನಲ್ಲಿ ಯಾರೂ ಇಲ್ಲದಾಗ ಅದನ್ನು ನುಡಿಸುತ್ತ ನಾನೇ ಪದ ಕಟ್ಟುತ್ತಿದ್ದೆ. ಇನ್ನೊಬ್ಬರ ಎದುರು ಹಾಡಿದವನಲ್ಲ. ಆ ವರ್ಷಗಳಲ್ಲಿ ನಮ್ಮ ಕಡೆ ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸುವುದು ಮಾಮೂಲಾಗಿತ್ತು. ಬಂದೂಕು ಹಿಡಿದು ಕಾಡಿಗೆ ಹೋದವರು ಎಂದರೆ ಯಾರೆಂದು ಎಲ್ಲರಿಗೂ ಗೊತ್ತು, ಹೆಸರು ಹೇಳಬೇಕಾಗಿರಲಿಲ್ಲ. ಗಡಿ ದಾಟಿದ ಮೇಲೆ ಕೇಣಿಚಿರದಲ್ಲಿ ಒಬ್ಬ ಮಲಯಾಳಿ ಪೊಲೀಸಿನವನು ನನ್ನ ಪೆಟ್ಟಿಗೆ ತೆಗೆಸಿ, ಗುಂಡಿಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

“ನೋಟೀಸ್ ಅಡಿಕ್ಕುನ್ನ ಮೆಷೀನಾಣೋ?”

ಕರಪತ್ರ ಅಚ್ಚು ಹಾಕುವ ಯಂತ್ರವಲ್ಲ, ವಾದ್ಯ ಎಂದೆ. ಹಾಗಾದರೆ ನುಡಿಸು ಎಂದ. ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಹೊರಹಾಕಿದರು. ಸಿನಿಮಾ ಹಾಡೊಂದನ್ನು ನುಡಿಸಿದ್ದರೆ ಮುಗಿಯುತ್ತಿತ್ತು. ಭಯಕ್ಕೆ ಒಂದೂ ನೆನಪಾಗಲಿಲ್ಲ. ನಾನು ಕಟ್ಟಿದ್ದೇ ಬಾಯಿಗೆ ಬಂತು:

“ತುಂಬಿದ ಹೊಳೆಯೇ, ನಿಲ್ಲು ನಿಲ್ಲು, ನನ್ನ ನೆರಳನು ಒಯ್ಯದೆ ನಿಲ್ಲು.”

ನನಗೆ ಉಸಿರು ಕಡಿಮೆ, ಆದ್ದರಿಂದ ಹಾಡು ನಿಧಾನ. ಸಾಲಿಗೂ ಸಾಲಿಗೂ ನಡುವೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದೆ. ಪೊಲೀಸಿನವನು ಆಕಳಿಸಿದ. “ಉರಕ್ಕಂ ವರುನ್ನು. ಪೋ, ಪೋ,” ನಿದ್ದೆ ಬರುತ್ತದೆ, ಹೋಗು ಎಂದು ಪೆಟ್ಟಿಗೆ ಮುಚ್ಚಿದ. ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ತಟ್ಟಿದ ಹಾಗಾಯಿತು. ಮಳೆಗೆ ಟಾರ್ಪಾಲು ಬಡಿದುಕೊಂಡದ್ದೂ ಇರಬಹುದು. ಆದರೆ ಅಂದಿನಿಂದ ಒಂದು ಆಸೆ ನನ್ನನ್ನು ಹಿಡಿದುಕೊಂಡಿತು. ನನ್ನ ಹಾಡನ್ನು ಇನ್ನೊಬ್ಬರು, ನಾನು ಕೇಳಿಕೊಳ್ಳದೆಯೇ, ತಾವಾಗಿ ಹಾಡಬೇಕು. ಒಂದು ಸಲವಾದರೂ.

ಅಜ್ಜನ ಕಾಲಕ್ಕೆ ಮೈಸೂರಿನ ಕಡೆಯಿಂದ ಹೊಳೆ ದಾಟಿ ಬಂದ ಮನೆ ನಮ್ಮದು. ಗದ್ದೆ ನಮ್ಮದು, ನೆಡುವವರು ಕಾಡಂಚಿನ ಬುಡಕಟ್ಟಿನ ಹಾಡಿಯವರು. ಅವರ ನಾಟಿ ಎಂದರೆ ಸೊಂಟದ ಎತ್ತರಕ್ಕೆ ನೇತುಹಾಕಿಕೊಂಡು ಬಾರಿಸುವ ಪುಟ್ಟ ತುಡಿ, ಜೊತೆಗೊಂದು ಕೊಳಲು. ತುಡಿಯ ಬಡಿತಕ್ಕೆ ತಕ್ಕಂತೆ ನೆಡುವವರ ಕೈ ನಡೆಯುತ್ತಿತ್ತು. ಪೆಟ್ಟು ಜೋರಾದರೆ ಕೈಯೂ ಜೋರು. ಆ ವರ್ಷ ಹಾಡಿಯವರು ಕೂತು ಮಾತಾಡಿಕೊಂಡು, ಕೆಲಸಕ್ಕೆ ಬರುತ್ತೇವೆ, ತುಡಿಯ ಓಟಕ್ಕೆ ದುಡಿಯಲಾರೆವು, ಅದನ್ನು ತರುವುದಿಲ್ಲ ಎಂದರು. ಅಪ್ಪ ಒಪ್ಪಿಕೊಂಡರು. ಎಲ್ಲೆಲ್ಲೋ ಗೌಡರ ಜಮೀನಿನಲ್ಲಿ ಕೂಲಿಯವರು ಕೆಂಪು ಬಾವುಟ ನೆಡುತ್ತಿದ್ದ ಕಾಲ ಅದು.

ತುಡಿಯಿಲ್ಲದ ಗದ್ದೆ ಬೇರೆಯೇ ಲೋಕದಂತಿತ್ತು. ನೀರಿನಲ್ಲಿ ಮೋಡ ಬಿದ್ದಿತ್ತು. ಹೆಂಗಸರ ಸಾಲು ಬಗ್ಗಿಕೊಂಡೇ ಆ ಮೋಡದ ಮೇಲೆ ಹಿಂದಹಿಂದಕ್ಕೆ ನಡೆಯುತ್ತಿತ್ತು. ಸಸಿ ಕೆಸರಿಗಿಳಿಯುವ ಚಿಕ್ಕ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬದುವಿನ ಮೇಲೆ ಕೂತಿದ್ದ ನಾನು ಯಾವಾಗ ಹಾಡಲು ಶುರುಮಾಡಿದೆನೋ ತಿಳಿಯದು.

ಸಾಲಿನ ಮುಂದಾಳು ಒಬ್ಬ ನಡುವಯಸ್ಸಿನ ಹೆಂಗಸು, ಬಾಯಿ ಜೋರು. ತಲೆಯೆತ್ತದೆಯೇ ಕೇಳಿದಳು:

“ಯಾರ್ ಸತ್ತೋದ್ರು ಚಿಕ್ಕಗೌಡ್ರೇ, ಹಿಂಗೆ ಅಳ್ತಾ ಇದೀರಿ?”

“ಅಳು ಅಲ್ಲ. ಹಾಡು. ನಾನೇ ಕಟ್ಟಿದ್ದು.”

“ಹೊಳೆ ನಿಮ್ ನೆರಳನ್ನ ಒಯ್ದು ಏನ್ ಮಾಡ್ತದೆ, ಸಾರು ಮಾಡ್ತದಾ?”

ಸಾಲಿಡೀ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಆದರೂ ಸ್ವಲ್ಪ ಹೊತ್ತಿಗೆ ಅವಳು ಅದೇ ರಾಗವನ್ನು ಗುನುಗುವುದು ಕೇಳಿಸಿತು, ಪಕ್ಕದವಳು ಸೇರಿದಳು. ನಾನು ಉಸಿರಿಗೆ ನಿಲ್ಲುತ್ತಿದ್ದ ಕಡೆ ಅವರು ನಡು ನೆಟ್ಟಗೆ ಮಾಡಿಕೊಂಡರು. ನಿಂತು, ಹೊಳೆಯ ಕಡೆ ನೋಡಿ, ಮತ್ತೆ ಬಗ್ಗಿದರು. ಖುಷಿಗೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಸಂಜೆಯಾದರೂ, ನೆಡಲೆಂದು ಕಿತ್ತಿದ್ದ ಸಸಿಯ ಕಟ್ಟುಗಳು ಬದುವಿನಲ್ಲಿ ಹಾಗೇ ಉಳಿದಿದ್ದವು. ಅಪ್ಪ ಒಂದು ಕಟ್ಟನ್ನು ಕಾಲಿನಿಂದ ಹೊರಳಿಸಿದರು.

“ಅವ್ರು ತುಡಿ ಬಿಟ್ರು. ನೀನು ಅವ್ರಿಗೆ ಜೋಗುಳ ಕೊಟ್ಟೆ. ಓದ್ಸಿದ್ದು ಇದ್ಕಾ?”

“ನಾನು ಬೇಕೂಂತ ಮಾಡ್ಲಿಲ್ಲ ಅಪ್ಪಾ.”

“ಬೇಕೂಂತ ಮಾಡಿದ್ರೆ ಒಂದು ಅರ್ಥನಾದ್ರೂ ಇರ್ತಿತ್ತು ಕಣೋ. ನಾಳೆ ಬೇಗಬೇಗ ಓಡ್ಸಿ ಹಾಡು. ಇಲ್ಲ, ಗದ್ದೆ ಕಡೆ ಬರ್ಬೇಡ.”

ಮಾರನೆಯ ಬೆಳಿಗ್ಗೆಯೇ ಆ ಮಂಜು. ಬದುವಿನಲ್ಲಿ ನಿಂತು ಓಡುವ ಗತಿಯಲ್ಲಿ ಹಾಡಿದೆ. ಮಾತುಗಳು ಒಂದರ ಮೇಲೊಂದು ಬಿದ್ದವು, ಎರಡನೆಯ ಸಾಲಿಗೇ ಉಸಿರು ಕಟ್ಟಿತು. ಯಾರೂ ದನಿಗೂಡಿಸಲಿಲ್ಲ. ಅಪ್ಪ ಆಚೆ ಬದುವಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಸಾಲು ಮೌನವಾಗಿ ಹಿಂದಕ್ಕೆ ಸರಿಯುತ್ತ ಬಿಳುಪಿನೊಳಗೆ ಮರೆಯಾಯಿತು. ಹೋಯಿತು, ಹಾಡು ನಿನ್ನೆಗೇ ಮುಗಿಯಿತು ಅಂದುಕೊಂಡೆ.

ಆಗ ಮಂಜಿನೊಳಗಿಂದ ಆ ಮುಂದಾಳು ಹೆಂಗಸಿನ ದನಿ ಬಂತು, ನಿನ್ನೆಯ ಗತಿಯಲ್ಲೇ:

“ತುಂಬಿದ ಹೊಳೆಯೇ ನಿಲ್ಲೇ ನಿಲ್ಲೇ, ನನ್ನ ನಡು ನೆಟ್ಟಗಾಗ್ಲಿ ನಿಲ್ಲೇ.”

ಉಳಿದವರು ಎತ್ತಿಕೊಂಡರು. ನನ್ನ ನೆರಳು ಹಾಡಿನಲ್ಲಿ ಇರಲಿಲ್ಲ. ಆಮೇಲಿನ ಸಾಲುಗಳಲ್ಲಿ ಅವರ ಮಾತು ಎಷ್ಟು, ನನ್ನದು ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ನಾನು ಈಗ ಹಾಡುವಾಗ ಬರುವುದು ಅವರ ಸಾಲುಗಳೇ. ಆಗ ಮಾತ್ರ ನನಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದೆ. ಕೆಸರು ಬೆಚ್ಚಗಿತ್ತು. ಯಾರ ಮುಖವೂ ಕಾಣದ ಆ ಬಿಳುಪಿನಲ್ಲಿ ಸಾಲಿನ ತುದಿಯನ್ನು ಹುಡುಕಿ ನಿಂತು, ಒಂದು ಮಾತು ಹಿಂದೆ ಬಿದ್ದೇ ದನಿ ಸೇರಿಸಿದೆ.

“ತಡವಾಯ್ತು ಚಿಕ್ಕಗೌಡ್ರೇ,” ಎಂದಳು ಅವಳು, “ಹಿಡೀರಿ,” ಎಂದು ಒಂದು ಕಟ್ಟು ಸಸಿಯನ್ನು ನನ್ನ ಕಡೆ ಎಸೆದಳು.

ಬದುವಿನಿಂದ ಅಪ್ಪನ ಕೂಗು: “ಹಾಡೋದಾದ್ರೆ ಬಗ್ಗಿ ಹಾಡೋ, ಕಂಬದಂಗೆ ನಿಂತ್ಕೋಬೇಡ!”

ಬಗ್ಗಿದೆ. ಬಗ್ಗಿದರೆ ಉಸಿರು ಇನ್ನೂ ಕಡಿಮೆ. ಎಲ್ಲರೂ ನಿಲ್ಲುವ ಕಡೆ ನಾನೂ ನಿಂತೆ.