ತಂತಿಯ ಮೇಲಿನ ಕಂಬಳಿ

ನಾನು ಚಿಕ್ಕವನಿದ್ದಾಗ ಜಗಳೂರಿನ ನಮ್ಮ ಓಣಿಯ ಮನೆಗಳಿಗೆ ರೇಡಿಯೊ ತಂತಿಯ ಮೂಲಕ ಬರುತ್ತಿತ್ತೆಂಬ ಸಂಗತಿಯನ್ನು ಮೊಮ್ಮಕ್ಕಳಾದ ನಿಮ್ಮ ಗಮನಕ್ಕೆ ತರಬಯಸುತ್ತೇನೆ. ಓಣಿಗೆಲ್ಲ ಇದ್ದುದು ನಮ್ಮ ಮನೆಯ ರೇಡಿಯೊ ಒಂದೇ. ಅಪ್ಪ ಅದರ ಬೆನ್ನಿನಿಂದ ಜೋಡಿ ತಂತಿ ಎಳೆದು, ಬಿದಿರಿನ ಗಳಗಳ ಮೇಲೆ ಹಾಯಿಸಿ, ಬೇಕೆಂದವರ ಮನೆಗೆ ಒಂದೊಂದು ಮರದ ಡಬ್ಬಿ ಕೊಟ್ಟಿದ್ದರು. ಡಬ್ಬಿಯೊಳಗೆ ಸ್ಪೀಕರ್ ಮಾತ್ರ ಇತ್ತು. ತಿರುಗಿಸಲು ಗುಂಡಿ ಇರಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದಿನ ನಡುವೆ ಮನೆಮನೆಯಿಂದಲೂ ಒಂದೇ ವಾರ್ತೆ ಹೊರಬರುತ್ತಿತ್ತು.

ಒಂದು ದಿನ ಅಕ್ಕ ರೇಡಿಯೊದ ಮಕ್ಕಳ ಕಾರ್ಯಕ್ರಮದಲ್ಲಿ ಹಾಡುವವಳಿದ್ದಳು. ಅದು ಅಜ್ಜಿ ಕಲಿಸಿದ ಬೀಸುವ ಪದ. ಓಣಿಯ ತುದಿಮನೆಯಲ್ಲಿದ್ದ ಅಜ್ಜಿಗೆ ಸೊಂಟ ಮುರಿದು ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ಕೇಳುವ ದಾರಿಯೂ ಇರಲಿಲ್ಲ. ಬೆಳಗಿನಿಂದ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಗಡಿಯಾರದ ಮುಂದೆ, ಬಾಗಿಲಿಗೆ, ಮತ್ತೆ ಗಡಿಯಾರದ ಮುಂದೆ.

ಮಕ್ಕಳ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅಜ್ಜಿಯ ಡಬ್ಬಿ ಮೂಕವಾಗಿದೆಯೆಂದು ಸುದ್ದಿ ಬಂತು.

"ತಂತಿ ನೋಡ್ಕಂತ ಓಡಲೇ! ನಾನು ಎದ್ರೆ ಸ್ಟೇಷನ್ ಜಾರ್ತೈತೆ," ಎಂದರು ಅಪ್ಪ, ಗುಂಡಿಯಿಂದ ಕೈ ತೆಗೆಯದೆ.

ತಲೆ ಮೇಲೆತ್ತಿಕೊಂಡೇ ಓಡಿದೆ. ಅಜ್ಜಿಯ ಮನೆಗೆ ಇನ್ನು ಸ್ವಲ್ಪವೇ ದೂರವಿದ್ದಾಗ ತಂತಿ ನೆಲದತ್ತ ಜೋತುಬಿದ್ದಿತ್ತು. ಅದರ ಮೇಲೆ ನೀರು ತೊಟ್ಟಿಕ್ಕುವ ಕರಿ ಕಂಬಳಿ! ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಗೆದು ಹಾಕಿದವರು ಅಲ್ಲಿಯೇ ವಾಸವಿದ್ದ ದೊಡ್ಡಮ್ಮ. ಅವರ ಮನೆಯಲ್ಲಿ ಡಬ್ಬಿ ಇರಲಿಲ್ಲ.

"ಅದ್ರಾಗೆ ಅಕ್ಕನ ಹಾಡು ಬರ್ತೈತೆ ದೊಡ್ಡಮ್ಮಾ!"

"ಹಾಡು ಹೋಗಾಕೆ ಎಷ್ಟು ಜಾಗ ಬೇಕೋ ನಿಮ್ಮಪ್ಪಂಗೆ? ಕಂಬ್ಳಿ ಒಂದು ಮಗ್ಗಲಿಗೆ ಐತಲ್ಲ!"

ಕಂಬಳಿ ಎಳೆದೆ. ಜೋಡಿಯಲ್ಲಿ ಒಂದು ಎಳೆ ಹರಿದಿತ್ತು. ಜಗ್ಗಿದರೆ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು. ಗಂಟು ಹಾಕುವಷ್ಟು ಉಳಿಯುತ್ತಿರಲಿಲ್ಲ. ಆದ್ದರಿಂದ ಎರಡನ್ನೂ ಬೆರಳಲ್ಲಿ ಒತ್ತಿ ಹಿಡಿದು ನಿಂತೆ. ಅದು ದನಿಯ ತಂತಿ. ಇರುವೆ ಹರಿದಂತಾಯಿತು, ಅಷ್ಟೆ. ದೀಪದ ತಂತಿಯನ್ನು ನೀವು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.

ನನ್ನ ಮುಖ ನೋಡಿ ದೊಡ್ಡಮ್ಮ ಸೆರಗು ಸಿಕ್ಕಿಸಿ ಅಜ್ಜಿಯ ಬಾಗಿಲಿಗೆ ಓಡಿದರು. "ಬಂತೋ! ಅಲುಗಾಡಬ್ಯಾಡ! ನೊಣ ಕುಂತ್ರೂ ಕುಂದರ್ಲಿ!" ಎಂದು ಅಲ್ಲಿಂದಲೇ ಕೂಗಿ ಒಳಗೆ ಹೋದರು.

ನೊಣ ನಿಜವಾಗಿಯೂ ಕುಳಿತಿತು, ಮೂಗಿನ ಮೇಲೆ. ಬಿಸಿಲಿಗೆ ಬೆವರು ಕಣ್ಣಿಗಿಳಿಯಿತು. ಹತ್ತಿರ ಬೇರೆ ಯಾವ ಮನೆಯಲ್ಲೂ ಡಬ್ಬಿ ಇರಲಿಲ್ಲ, ನಾನು ನಿಂತಲ್ಲಿಗೆ ಏನೂ ಕೇಳಿಸಲಿಲ್ಲ. ಅಕ್ಕ ಹಾಡುತ್ತಿದ್ದಾಳೆಯೇ, ಮುಗಿಸಿಬಿಟ್ಟಳೇ, ಬೆರಳು ಜಾರಿತೇ? ಓಡಿಹೋಗಿ ನೋಡೋಣವೆಂದರೆ, ಓಡಿದರೆ ಹಾಡೇ ನಿಲ್ಲುತ್ತದೆ.

ಆಗ ಅಜ್ಜಿಯ ಮನೆಯೊಳಗಿಂದ ನಡುಗುವ ದನಿಯೊಂದು ಎದ್ದಿತು. ಡಬ್ಬಿಯದಲ್ಲ, ಅಜ್ಜಿಯದು. ಅಕ್ಕನ ಜೊತೆ ಅದೇ ಬೀಸುವ ಪದವನ್ನು ಅಜ್ಜಿ ಗಟ್ಟಿಯಾಗಿ ಹಾಡುತ್ತಿದ್ದರು. ಅಕ್ಕನ ಹಾಡನ್ನು ನಾನು ಕೇಳಿದ್ದು ಹಾಗೆ, ಅಜ್ಜಿಯ ಗಂಟಲಲ್ಲಿ.

ಈಗ ನಿಮಗೆ ತಂತಿ ಬೇಕಿಲ್ಲ. ಬೇಕಾದ ಹಾಡು ಬೇಕಾದಾಗ ನಿಮ್ಮ ನಿಮ್ಮ ಕಿವಿಯೊಳಗೇ ಬರುತ್ತದೆ. ಪಕ್ಕದಲ್ಲಿ ಕುಳಿತ ನನಗೆ ಕೇಳಿಸುವುದಿಲ್ಲ. ಆದರೆ ಒಮ್ಮೊಮ್ಮೆ ನೀವು ಅದರ ಜೊತೆ ಮೈಮರೆತು ಗುನುಗುತ್ತೀರಿ. ಆಗ ತಾತ ಏಕೆ ಇದ್ದಕ್ಕಿದ್ದಂತೆ ಅಲುಗಾಡದೆ ನಿಂತುಬಿಡುತ್ತಾನೆಂದು ಕೇಳುತ್ತಿದ್ದಿರಲ್ಲ, ಇದಕ್ಕೇ.