ಟೀಚರ್ ಮನೆಗೆ ಟಿವಿಯವರು ಬಂದದ್ದು

ಭದ್ರಾವತಿಯಲ್ಲಿ ವಾರಕ್ಕೆ ಮೂರು ದಿನ ನಮಗೆ ಸಂಗೀತ ಕಲಿಸುತ್ತಿದ್ದ ಟೀಚರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಯಾರಾದರೂ ದನಿ ನಡುಗಿಸಿ ಹಾಡಿದರೆ ಹಾರ್ಮೋನಿಯಂ ನಿಲ್ಲಿಸಿ, “ಅಳಬೇಡ ಮಾರಾಯ್ತಿ, ಹಾಡು” ಎನ್ನುತ್ತಿದ್ದರು.

ಟಿವಿಯಲ್ಲಿ ಹಾಡಬೇಕೆಂಬುದು ಅವರ ಬಹುದಿನದ ಆಸೆ. ಒಂದು ಹಾಡಿನ ಶೋಗೆ ಶಿವಮೊಗ್ಗದಲ್ಲಿ ನಡೆದ ಆಡಿಷನ್‌ನಲ್ಲಿ ಆಯ್ಕೆಯೂ ಆದರು. ಮುಂದಿನ ಭಾನುವಾರ ಸಂಜೆ ಶೋನವರು ಅವರ ಪರಿಚಯದ ವಿಡಿಯೊ ತೆಗೆಯಲು ಮನೆಗೆ ಬಂದು, ಅಡುಗೆಮನೆಯಲ್ಲಿ ಗೋಡೆ ತಡಕಾಡುತ್ತಾ ನಡೆಯಲು ಹೇಳಿದರು.

“ನಮ್ಮನೇಲಿ ನಾನ್ಯಾಕೆ ತಡಕಾಡ್ಲಿ? ಲೈಟ್ ಆರಿಸ್ತೀನಿ, ನೀವೇ ತಡಕಾಡ್ತೀರಿ. ಅದನ್ನ ಶೂಟ್ ಮಾಡಿ.”

“ಮೇಡಂ, ಕಷ್ಟ ತೋರಿಸ್ದಿದ್ರೆ ಜನ ವೋಟ್ ಹಾಕಲ್ಲ. ನಿಮ್ಮನ್ನ ಕೈಬಿಡ್ಬೇಕಾಗುತ್ತೆ.”

ಟೀಚರ್ ಒಲೆಯತ್ತ ತಿರುಗಿದರು.

“ಬಿಡಿ ಹಾಗಾದ್ರೆ. ಟೀ ಕುಡ್ಕೊಂಡು ಹೋಗಿ.”

ತಾವೇ ಒಲೆ ಹಚ್ಚಿ, ಆರು ಲೋಟಕ್ಕೂ ಸಮನಾಗಿ ಟೀ ಬಗ್ಗಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಬ್ಯಾಗಿನೊಳಗೆ ಹೋಗಿತ್ತು.