ಉಗ್ರಪ್ಪನವರು ಸ್ಥಾಪಿಸಿದ ರಾಜ್ಯ

ಆನೆ ಏರಿ ರಾಜ್ಯ ಕಟ್ಟಿದವರಿದ್ದಾರೆ, ಕುದುರೆ ಏರಿ ಕಟ್ಟಿದವರಿದ್ದಾರೆ. ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಬಾಯಲ್ಲಿ ವಿಸಿಲ್ ಕಚ್ಚಿಕೊಂಡು ರಾಜ್ಯ ಕಟ್ಟಿದವರು ಮಾತ್ರ ಭೂಮಂಡಲದಲ್ಲಿ ಒಬ್ಬರೇ: ವಿಜಯನಗರದಿಂದ ಉಲ್ಲಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಉಗ್ರಪ್ಪನವರು. ಅವರು ವಿಸಿಲ್ ಊದಿದರೆ ಚಂದ್ರಾ ಲೇಔಟಿನ ನಾಯಿಗಳು ಎದ್ದು ನಿಲ್ಲುತ್ತಿದ್ದವು, ಓಡುವ ಆಟೋಗಳು ಬ್ರೇಕ್ ಹಾಕುತ್ತಿದ್ದವು, ತೂಕಡಿಸುತ್ತಿದ್ದವರು ತಮ್ಮದಲ್ಲದ ಸ್ಟಾಪಿನಲ್ಲೂ ಇಳಿದುಬಿಡುತ್ತಿದ್ದರು. ಉಲ್ಲಾಳಕ್ಕೆ ಒಂದು ಕಿಲೋಮೀಟರ್ ಮುಂಚೆ, ಬೋರ್ಡಾಗಲಿ ಸೂರಾಗಲಿ ಇಲ್ಲದ ಒಂದು ಹೊಂಗೆಮರದ ಬಳಿ ಅವರು ಒಂದು ದಿನ ವಿಸಿಲ್ ಊದಿದರಂತೆ. ಬಸ್ಸು ನಿಂತಿತಂತೆ. ಅವತ್ತಿನಿಂದ ಅದು ಸ್ಟಾಪು.

ಇಂಥ ಮಹಾಪುರುಷರು ಎಲ್‌ಎಲ್‌ಬಿಯ ಒಂದು ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರು. ರಿಟೈರ್ ಆದ ಮೇಲೆ ಜೊತೆಯ ಕಂಡಕ್ಟರುಗಳ ಕೇಸು ನಡೆಸಬೇಕೆಂಬುದು ಅವರ ಆಸೆ. ಅದಕ್ಕೆಂದೇ ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡು ಬೆಳಗ್ಗೆ ಹೊಸಹಳ್ಳಿಯ ಒಂದು ಕಾನೂನು ಕಾಲೇಜಿಗೆ ಬಂದು, ಐವತ್ತು ದಾಟಿದ ವಯಸ್ಸಿನಲ್ಲಿ ಮಿಕ್ಕೆಲ್ಲ ಪೇಪರುಗಳನ್ನೂ ಕನ್ನಡದಲ್ಲೇ ಬರೆದು ಗೆದ್ದಿದ್ದರು. ಅಂತಾರಾಷ್ಟ್ರೀಯ ಕಾನೂನು ಒಂದು ಮಾತ್ರ ಬಗ್ಗಲಿಲ್ಲ. ಪದವಿಗೆ ಕೊಟ್ಟಿದ್ದ ಗಡುವು ಮುಗಿಯುತ್ತಿತ್ತು. ಈ ಸಲವೂ ತಪ್ಪಿದರೆ ಅಷ್ಟೂ ವರ್ಷದ ಓದು ನೀರಿನಲ್ಲಿ ಮಾಡಿದ ಹೋಮ.

ಆ ಪಾಠ ಮಾಡಲು ಹೊಸದಾಗಿ ಬಂದ ರಮ್ಯಳಿಗೆ ಇದು ಗೊತ್ತಾಗಿ ಜೀವ ಚುಳ್ ಎಂದಿತು. ಅವಳೇನೋ ಇಂಗ್ಲಿಷಿನಲ್ಲಿ ಓದಿ ಚಿನ್ನದ ಪದಕ ತಂದವಳು; ಕನ್ನಡ ಮಾಧ್ಯಮದ ತರಗತಿಗೆ ಹೋಗುವ ಮುನ್ನ ಪದಪದಕ್ಕೂ ನಿಘಂಟು ತೆರೆಯುತ್ತಿದ್ದಳು. ಒಂದು ದಿನ ಪಾಠ ಮುಗಿದ ಮೇಲೆ ಉಗ್ರಪ್ಪನವರನ್ನು ಕೂರಿಸಿಕೊಂಡು ಕೇಳಿದಳು: "ಹೊಸ ರಾಜ್ಯಗಳು ಹೇಗೆ ಹುಟ್ಟುತ್ತವೆ ಅನ್ನೋ ಪ್ರಶ್ನೆಗೆ ಏನು ಬರೆದ್ರಿ ಸಾರ್?"

"ತೆಲಂಗಾಣ ಬರೆದೆ ಮೇಡಂ."

"ತೆಲಂಗಾಣ?"

"ಎಂಟು ಪೇಜು. ಫೇಲಾಯ್ತು. ಎರಡ್ನೇ ಸಲ ಚೆನ್ನಾಗಿ ಓದ್ಕೊಂಡ್ ಹೋಗಿ ಜಾರ್ಖಂಡು, ಛತ್ತೀಸ್‌ಗಢನೂ ಸೇರಿಸ್ದೆ. ಇನ್ನೂ ಎರಡು ಮಾರ್ಕ್ಸ್ ಕಮ್ಮಿ ಬಂತು."

ರಮ್ಯಳಿಗೆ ನಗು ಉಕ್ಕಿತು, ಅದರ ಹಿಂದೆಯೇ ನಾಚಿಕೆಯೂ ಬಂತು. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಆಚರಿಸುವ ಮನುಷ್ಯನಿಗೆ ರಾಜ್ಯ ಎಂದರೆ ಇನ್ನೇನು ಹೊಳೆಯಬೇಕು? ಇಂಗ್ಲಿಷಿನ 'ಸ್ಟೇಟ್' ಅನ್ನು ಕಣ್ಣುಮುಚ್ಚಿ ರಾಜ್ಯ ಎಂದು ಪುಸ್ತಕ ಬರೆದವರದು ತಪ್ಪು, ಮಾರ್ಕ್ಸ್ ಹೋಗಿದ್ದು ಇವರದು.

"ಇಲ್ಲಿ ರಾಜ್ಯ ಅಂದ್ರೆ ದೇಶ ಸಾರ್. ದಕ್ಷಿಣ ಸೂಡಾನ್ ಥರ."

"ದೇಶ ಅಂತ್ಲೇ ಕೇಳಕ್ಕೆ ಏನ್ ರೋಗ ಮೇಡಂ ಅವ್ರಿಗೆ?"

ರಮ್ಯ ಪಾಠ ಹಿಡಿದಳು. ದೇಶ ಅನ್ನಿಸಿಕೊಳ್ಳಲು ಕಾಯಂ ಜನ ಇರಬೇಕು, ಇಂತಿಷ್ಟು ನೆಲ ಇರಬೇಕು, ಒಂದು ಸರ್ಕಾರ ಬೇಕು, ಹೊರಗಿನವರ ಜೊತೆ ವ್ಯವಹರಿಸುವ ತಾಕತ್ತು ಬೇಕು ಎಂದಳು. ಉಗ್ರಪ್ಪನವರ ಮುಖ, ಟಿಕೆಟ್ ತೆಗೆದುಕೊಳ್ಳದೆ ಕಿಟಕಿ ನೋಡುವವನ ಮುಖದ ಹಾಗಾಯಿತು. ಕೊನೆಗೆ ಅವಳು, "ಬೇರೆ ದೇಶಗಳು ಒಪ್ಪಿದ ಮೇಲೆ ಅದು ದೇಶವೋ, ಅದು ಆಗಲೇ ದೇಶವಾಗಿರೋದಕ್ಕೆ ಬೇರೆಯವರು ಒಪ್ತಾರೋ ಅಂತ ಪಂಡಿತರಲ್ಲೇ ಜಗಳ ಇದೆ" ಎಂದಾಗ ಅವರು ಥಟ್ಟನೆ ತಲೆ ಎತ್ತಿದರು.

"ಬೋರ್ಡ್ ಹಾಕಿದ್ಮೇಲೆ ಸ್ಟಾಪಾ, ಸ್ಟಾಪ್ ಆಗಿರೋದಕ್ಕೆ ಬೋರ್ಡಾ? ಅದೇ ತಾನೇ ಮೇಡಂ? ನಮ್ ಹೊಂಗೆಮರದ ಸ್ಟಾಪು!"

ರಮ್ಯ ಅವತ್ತು ಮಧ್ಯಾಹ್ನವೇ ಅವರ ಬಸ್ಸು ಹತ್ತಿದಳು. ಹೊಂಗೆಮರದ ಕೆಳಗೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಹೂವಿನ ಬುಟ್ಟಿಯ ಹಿಂದಿನಿಂದ ಅಂಜಮ್ಮ ಎಂಬಾಕೆ ಗದರುತ್ತಿದ್ದಳು: "ಏಯ್, ಇಳಿಯೋರ್ಗೆ ದಾರಿ ಬಿಡ್ರೋ! ಮೊದ್ಲು ಬಸುರಿ ಹೆಂಗ್ಸು ಹತ್ಲಿ!"

"ದಿನಾ ನಿಲ್ಲೋ ಜನ ಇವ್ರು" ಎಂದರು ಉಗ್ರಪ್ಪ. "ಮರದಿಂದ ಆ ಚರಂಡಿ ಕಲ್ಲಿನವರ್ಗೂ ಇವ್ರ ನೆಲ. ಸರ್ಕಾರ ಅಂಜಮ್ಮಂದು. ಅವ್ರು ಕೈ ತೋರಿಸ್ತಾರೆ, ನಾನು ವಿಸಿಲ್ ಊದ್ತೀನಿ, ಅದು ಫಾರಿನ್ ವ್ಯವಹಾರ."

"ಎಲ್ಲ ಬಸ್ಸೂ ಇಲ್ಲಿ ನಿಲ್ಲುತ್ತಾ?"

"ಎಲ್ಲಿ ಬಂತು? ಬೆಟ್ಟಯ್ಯ ಅಂತ ಇನ್ನೊಂದು ಬಸ್ಸಿನ ಡ್ರೈವರ್ರು, ಬೋರ್ಡ್ ತೋರ್ಸಿ ಆಮೇಲೆ ನಿಲ್ಲಿಸ್ತೀನಿ ಅಂತಾನೆ. ಕೆಲವ್ರು ನಿಲ್ಲಿಸ್ತಾರೆ, ಕೆಲವ್ರು ಇಲ್ಲ."

"ಕೊಸೊವೊ!" ಎಂದು ರಮ್ಯ, ಕೆಲವು ದೇಶಗಳು ಒಪ್ಪಿ ಕೆಲವು ಇನ್ನೂ ಒಪ್ಪದ ಆ ಪುಟ್ಟ ದೇಶ ನೆನಪಾಗಿ, ಕೂಗಿಯೇಬಿಟ್ಟಳು.

ಮುಂದಿನ ಸೀಟಿನ ಅಜ್ಜಿ ಗಾಬರಿಯಿಂದ ತಿರುಗಿದರು. "ಆ ಸ್ಟಾಪ್ ದಾಟೋಯ್ತೇನಮ್ಮ?"

ಅಜ್ಜಿಯನ್ನು ಸಮಾಧಾನ ಮಾಡಿ ರಮ್ಯ ಅಸಲು ಪ್ರಶ್ನೆಗೆ ಬಂದಳು. ಪ್ರತಿಯೊಂದು ಜನತೆಗೂ ತನ್ನ ಹಣೆಬರಹ ತಾನೇ ಬರೆದುಕೊಳ್ಳುವ ಹಕ್ಕಿದೆ ಎನ್ನುತ್ತದೆ ಕಾನೂನು. ಹಾಗಾದರೆ ನಾಲ್ಕು ಜನ ಸೇರಿಕೊಂಡು ನಮಗೂ ಒಂದು ಸ್ಟಾಪ್ ಬೇಕು ಎಂದರೆ?

"ಕೈ ತೋರಿಸ್ದೋರಿಗೆಲ್ಲ ನಿಲ್ಸಿದ್ರೆ ಉಲ್ಲಾಳ ಸೇರೋದು ಯಾವಾಗ ಮೇಡಂ? ಡಿಪೋದೋರೂ ಒಪ್ಬೇಕು. ಆದ್ರೆ ಒಂದು ಏರಿಯಾದೋರ್ನ ವರ್ಷಗಟ್ಲೆ ಯಾವ ಬಸ್ಸೂ ಹತ್ತಿಸ್ಕೊಳ್ದೆ ಹೋದ್ರೆ, ಅವ್ರು ತಾನೇ ಸುಮ್ನೆ ಎಷ್ಟು ದಿನ ನಿಂತಿರ್ತಾರೆ?"

ರಮ್ಯ ನೋಟ್‌ಬುಕ್ ತೆಗೆದು ಅದನ್ನು ಹಾಗೇ ಬರೆದುಕೊಂಡಳು. ದೊಡ್ಡ ದೊಡ್ಡ ನ್ಯಾಯಾಧೀಶರು ಅಳೆದೂ ತೂಗಿ ನೂರಾರು ಪುಟ ಬರೆದು, ಹೌದೆಂದೂ ಅನ್ನದೆ ಅಲ್ಲವೆಂದೂ ಅನ್ನದೆ ಬಿಟ್ಟ ಮಾತು ಅದು. ಆಮೇಲೆ ಅವಳು ದಕ್ಷಿಣ ಸೂಡಾನಿನ ಕಥೆ ಹೇಳಿದಳು: ದಶಕಗಳ ಯುದ್ಧ, ಹಳೆಯ ದೇಶವೇ ಸಹಿ ಹಾಕಿದ ಒಪ್ಪಂದ, ಜನ ಸಾಲುಗಟ್ಟಿ ನಿಂತು ಹಾಕಿದ ಓಟು, ಎರಡು ಸಾವಿರದ ಹನ್ನೊಂದರಲ್ಲಿ ಹೊಸ ಬಾವುಟ.

"ಡಿಪೋ ಒಪ್ಪಿ ಹಾಕಿಸಿದ ಬೋರ್ಡು" ಎಂದು ಉಗ್ರಪ್ಪ ತಲೆಯಾಡಿಸಿ, ಟಿಕೆಟ್ ಕೊಡಲು ಹೋದರು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಉತ್ತರದ ಮೊದಲ ಸಾಲನ್ನೇ ಅವರು ಹೀಗೆ ಬರೆದರು: "ಇಲ್ಲಿ ರಾಜ್ಯವೆಂದರೆ ದೇಶ, ತೆಲಂಗಾಣವಲ್ಲ." ಅರವತ್ತೊಂದು ಬಂತು. ಅವರ ಬಾಯಿಂದ ಸ್ಟಾಪಿನ ಪುರಾಣ ಕೇಳಿದ್ದ ಕನ್ನಡದ ತರಗತಿಗೆ ತರಗತಿಯೇ ಪಾಸಾಯಿತು.

ಫಲಿತಾಂಶದ ಮಾರನೆಯ ದಿನ ತರಗತಿಯಲ್ಲಿ ಸಣ್ಣ ಸನ್ಮಾನ. ಅಂಜಮ್ಮ ಕಾಸು ಬೇಡವೆಂದು ಎರಡು ಹಾರ ಕಟ್ಟಿ ಕಳಿಸಿದ್ದಳು. ಒಂದನ್ನು ಉಗ್ರಪ್ಪನವರು ರಮ್ಯಳ ಕೈಗಿತ್ತರು. "ಒಂದು ಪದದ ಅರ್ಥ ಹೇಳೋರು ಸಿಗದೆ ಎರಡು ಸಲ ಬಿದ್ದೆ ಮೇಡಂ. ನೀವು ಕೂತು ಕೇಳಿದ್ರಿ. ನಿಮ್ಮ ಋಣ ದೊಡ್ಡದು."

"ಋಣ ನನ್ನದು ಸಾರ್" ಎಂದಳು ರಮ್ಯ. "ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ನಿಮ್ಮ ಬಸ್ಸಿನಲ್ಲಿ." ಆಮೇಲೆ ತರಗತಿಯ ಕಡೆ ತಿರುಗಿ ಅವಳು ದನಿ ಏರಿಸಿದಳು. ಯಾರೂ ಗುರುತಿಸದ ಒಂದು ಜನತೆಯನ್ನು ಲೋಕಕ್ಕಿಂತ ಮೊದಲೇ ಗುರುತಿಸಿದ ಧೀರ, ಕಡತ ಕಾಯದೆ ನ್ಯಾಯದ ಕರೆಗೆ ಓಗೊಟ್ಟ ಕಾನೂನುತಜ್ಞ ಎಂದೆಲ್ಲ ಕೊಂಡಾಡಿ, ಕೊನೆಗೆ ಕೈಮುಗಿದು ಕೇಳಿದಳು: "ಬೋರ್ಡೇ ಇಲ್ಲದ ಜಾಗದಲ್ಲಿ ಮೊದಲ ಸಲ ವಿಸಿಲ್ ಊದಿದಿರಲ್ಲ ಸಾರ್, ಆ ಗಳಿಗೆಯಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

ಇಡೀ ತರಗತಿ ಮುಂದಕ್ಕೆ ಬಾಗಿತು. ಉಗ್ರಪ್ಪನವರು ಕೊರಳಿನ ಹಾರ ಸರಿಮಾಡಿಕೊಂಡರು.

"ಏನಿಲ್ಲ ಮೇಡಂ. ಅಲ್ಲೊಂದು ಹಂಪ್ ಇತ್ತು. ಬಸ್ಸು ಹೆಂಗೂ ನಿಂತಂಗೇ ಆಗೋದು."